ಶೋರೂಮಿನಿಂದ ಬಂದದ್ದೆಲ್ಲ ‘ಸ್ಟಾಕ್’ ಆದರೆ ಸ್ಪರ್ಧೆ ಯಾರ ಯಾರ ನಡುವೆ?

ಎರಡು ವರ್ಷದ ಹಿಂದೆ ಮಲೆನಾಡಿನಲ್ಲಿ ಬಂಡೆ, ಕೆಸರು ದಾಟುವ ಒಂದು ಆಫ್‌ರೋಡ್ ಸ್ಪರ್ಧೆಯಲ್ಲಿ ಗಾಡಿ ತಪಾಸಣೆಯ ಟೇಬಲ್ ಪಕ್ಕ ನಿಂತಿದ್ದೆ. ಹಳೇ ಮಾರುತಿ ಜಿಪ್ಸಿಯೊಂದು ಬಂತು. ಓಡಿಸುವವನು ಕಾಫಿ ತೋಟದ ಹುಡುಗ. ಸ್ಟಾಕ್ ಕ್ಲಾಸ್‌ಗೆ, ಅಂದರೆ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗಳ ಗುಂಪಿಗೆ, ಹೆಸರು ಕೊಟ್ಟಿದ್ದ. ತಪಾಸಣೆಯವರು ಬಗ್ಗಿ ಟಯರ್ ಮೇಲಿನ ಅಳತೆಯ ನಂಬರ್ ಓದಿದರು. 215/75 ಆರ್ 15. ಜಿಪ್ಸಿಗೆ ಕಂಪನಿ ಕೊಡುತ್ತಿದ್ದದ್ದು 205/70 ಆರ್ 15. ‘ಇದು ಸ್ಟಾಕ್ ಅಲ್ಲ, ಮಾಡಿಫೈಡ್ ಕ್ಲಾಸ್‌ಗೆ ಹೋಗಿ’ ಅಂದರು.

ಅವನ ಹಿಂದೆಯೇ ಫೋರ್ಸ್ ಗೂರ್ಖಾ ನಿಂತಿತ್ತು. ಮುಂದೆ ಒಂದು, ಹಿಂದೆ ಒಂದು, ಎರಡು ಡಿಫ್ ಲಾಕ್ (ಎರಡೂ ಬದಿಯ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಬೀಗ). ಬಾನೆಟ್ ಪಕ್ಕದಲ್ಲಿ ಸ್ನಾರ್ಕೆಲ್, ನೀರು ದಾಟುವಾಗ ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ. ಎಲ್ಲವೂ ಕಂಪನಿಯಿಂದಲೇ ಬಂದದ್ದು. ಎರಡು ನಿಮಿಷದಲ್ಲಿ ಸ್ಟಾಕ್ ಕ್ಲಾಸ್ ಸ್ಟಿಕ್ಕರ್ ಅಂಟಿಸಿ ಕಳಿಸಿದರು.

ಅಲ್ಲೇ ಫೋನಿನಲ್ಲಿ ಲೆಕ್ಕ ಹಾಕಿದೆ. ಆ ಹುಡುಗ ಹಾಕಿದ ಟಯರಿನ ಎತ್ತರ 27.7 ಇಂಚು. ಕಂಪನಿ ಟಯರಿನದು 26.3. ಅಂದರೆ ಅವನ ಆಕ್ಸಲ್ ನೆಲದಿಂದ ಮೇಲೆದ್ದದ್ದು ಬರೀ 18 ಮಿಲಿಮೀಟರ್. ಆ ಗೂರ್ಖಾದ ಕಂಪನಿ ಟಯರ್ 245/70 ಆರ್ 16, ಎತ್ತರ 29.5 ಇಂಚು. ‘ಮಾಡಿಫೈ’ ಮಾಡಿದ ಗಾಡಿಯ ಟಯರೇ ಮಾಡಿಫೈ ಮಾಡದ ಗಾಡಿಯದಕ್ಕಿಂತ ಸುಮಾರು ಎರಡು ಇಂಚು ಗಿಡ್ಡ!

ತಪಾಸಣೆಯವರ ತಪ್ಪೇನೂ ಇಲ್ಲ. ಅವರ ಕೈಯಲ್ಲಿದ್ದ ನಿಯಮದ ಹಾಳೆ ಹಾಗೆ ಹೇಳುತ್ತಿತ್ತು. ತಪ್ಪಿರುವುದು ಆ ಹಾಳೆ ಕೇಳುವ ಪ್ರಶ್ನೆಯಲ್ಲಿ. ಅದು ‘ಇದನ್ನು ಕಂಪನಿ ಹಾಕಿದ್ದಾ, ನೀನು ಹಾಕಿದ್ದಾ?’ ಎಂದು ಕೇಳುತ್ತದೆ. ಬಂಡೆಗೆ ಆ ವ್ಯತ್ಯಾಸ ಗೊತ್ತಿಲ್ಲ. ಬಂಡೆಯ ಮೇಲೆ ಲೆಕ್ಕಕ್ಕೆ ಬರುವುದು ಈ ಗಾಡಿಯಿಂದ ಏನು ಮಾಡಲಿಕ್ಕಾಗುತ್ತದೆ ಎನ್ನುವುದು ಮಾತ್ರ.

ಸ್ಟಾಕ್ ಎನ್ನುವ ಪದ ಬದಲಾಗಿಬಿಟ್ಟಿದೆ

ಈ ನಿಯಮ ಹುಟ್ಟಿದ ಕಾಲದಲ್ಲಿ ಅದು ಸರಿಯಾಗಿಯೇ ಇತ್ತು. ಆಗ ಫೋರ್ ವೀಲ್ ಡ್ರೈವ್ ಗಾಡಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಮಹೀಂದ್ರ ಎಂಎಂ 540 ಇರಲಿ, 1985ರಲ್ಲಿ ಬಂದ ಜಿಪ್ಸಿ ಇರಲಿ, ಮುಂದೆ ಹಿಂದೆ ಎರಡೂ ಚಕ್ರವನ್ನು ಒಂದೇ ದಂಡದಂತೆ ಜೋಡಿಸುವ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಸಣ್ಣ ಟಯರ್. ಲಾಕ್ ಎಂದರೆ ಯಾರಿಗೂ ಗೊತ್ತಿರಲಿಲ್ಲ. ‘ಕಂಪನಿಯಿಂದ ಬಂದ ಹಾಗೇ ಇರಬೇಕು’ ಅಂದರೆ ಸಾಕಿತ್ತು. ಗೆಲ್ಲುವವನು ಗೆಲ್ಲುತ್ತಿದ್ದದ್ದು ಕಾಲಿನ ಹದದಿಂದ.

ಈಗ ನೋಡಿ. ಮಾರುತಿ ಜಿಮ್ನಿ 2023ರಲ್ಲಿ ಬಂತು. ಟಯರ್ 195/80 ಆರ್ 15, ಎತ್ತರ 27.3 ಇಂಚು. ಡಿಫ್ ಲಾಕ್ ಇಲ್ಲ. ಚಕ್ರ ಜಾರಿದರೆ ಅದಕ್ಕೆ ಬ್ರೇಕ್ ಹಾಕಿ ಇನ್ನೊಂದು ಚಕ್ರಕ್ಕೆ ಶಕ್ತಿ ಕಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಮಹೀಂದ್ರ ಥಾರ್‌ನ ಈಗಿನ ತಲೆಮಾರು 2020ರ ಅಕ್ಟೋಬರ್ 2ರಂದು ಬಂತು. ಮೇಲಿನ ಮಾದರಿಯ ಟಯರ್ 255/65 ಆರ್ 18, ಎತ್ತರ 31 ಇಂಚು. ಕೆಲವು ಮಾದರಿಗಳಿಗೆ ಹಿಂದಿನ ಆಕ್ಸಲ್‌ನಲ್ಲಿ ಮೆಕ್ಯಾನಿಕಲ್ ಲಾಕ್. ಗೂರ್ಖಾಗೆ ಎರಡು ಲಾಕ್. ಇನ್ನು ಜೀಪ್ ರ‍್ಯಾಂಗ್ಲರ್ ರುಬಿಕಾನ್. 2020ರಲ್ಲಿ ಇಲ್ಲಿಗೆ ಬಂದಾಗ ಅದರ ಬೆಲೆ 68.94 ಲಕ್ಷ. 32 ಇಂಚಿನ ಟಯರ್, ಎರಡು ಲಾಕ್, ಗಾಡಿ ವಾಲುವುದನ್ನು ತಡೆಯುವ ಮುಂದಿನ ಸಲಾಕೆ (ಸ್ವೇ ಬಾರ್) ಬಿಡಿಸಲಿಕ್ಕೆ ಒಂದು ಬಟನ್. ಲೋ ಗೇರ್‌ನಲ್ಲಿ ಎಂಜಿನ್ 77 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಮ್ಯಾನ್ಯುಯಲ್ ಜಿಮ್ನಿಯಲ್ಲಿ ಅದೇ ಲೆಕ್ಕ ಸುಮಾರು 36. ಅಂದರೆ ರುಬಿಕಾನ್ ಬ್ರೇಕ್ ಮುಟ್ಟದೆ ಆಮೆಯಂತೆ ತೆವಳುತ್ತದೆ. ಜಿಮ್ನಿ ಅದೇ ಇಳಿಜಾರಿನಲ್ಲಿ ಸ್ವಲ್ಪ ಓಡುತ್ತದೆ, ಬ್ರೇಕ್ ಮೇಲೆ ಕಾಲಿಡಲೇಬೇಕು.

ಈ ನಾಲ್ಕೂ ಹಾಳೆಯ ಪ್ರಕಾರ ‘ಸ್ಟಾಕ್’. ನಾಲ್ಕನ್ನೂ ಒಂದೇ ಬಂಡೆಗೆ ಬಿಟ್ಟು ಯಾರು ಚೆನ್ನಾಗಿ ಓಡಿಸುತ್ತಾರೆ ನೋಡೋಣ ಎಂದರೆ ಅದು ಚಾಲಕರ ಸ್ಪರ್ಧೆ ಆಗುವುದಿಲ್ಲ. ಕಂಪನಿಗಳ ಸ್ಪರ್ಧೆ ಆಗುತ್ತದೆ. ಇನ್ನೂ ನೇರವಾಗಿ ಹೇಳಬೇಕೆಂದರೆ ಜೇಬಿನ ಸ್ಪರ್ಧೆ.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಬಂಡೆ ಹತ್ತುವುದನ್ನೇ ದೊಡ್ಡ ಕ್ರೀಡೆ ಮಾಡಿದ ಅಮೆರಿಕದಲ್ಲೂ ಇದೇ ಕಥೆ. ಕ್ಯಾಲಿಫೋರ್ನಿಯಾದ ಜಾನ್ಸನ್ ವ್ಯಾಲಿಯಲ್ಲಿ ನಡೆಯುವ ‘ಕಿಂಗ್ ಆಫ್ ದಿ ಹ್ಯಾಮರ್ಸ್’ನಲ್ಲಿ ಸಾಮಾನ್ಯರಿಗೆಂದೇ ಬೇರೆ ರೇಸ್ ಇದೆ. ಅದರಲ್ಲಿ 4600 ಎನ್ನುವುದು ಸ್ಟಾಕ್ ಕ್ಲಾಸ್, 4500 ಮಾಡಿಫೈಡ್. ಆದರೆ ಆ 4600 ಗಾಡಿಗಳನ್ನು ನೋಡಿದರೆ ನಮ್ಮ ಕಣ್ಣಿಗೆ ಸ್ಟಾಕ್ ಎನಿಸುವುದೇ ಇಲ್ಲ. ಒಳಗೆ ಪೂರ್ತಿ ರೋಲ್ ಕೇಜ್ (ಗಾಡಿ ಮಗುಚಿದರೆ ತಲೆ ಕಾಯುವ ಪೈಪಿನ ಪಂಜರ), ರೇಸಿಂಗ್ ಸೀಟು, ಬೇರೆ ಷಾಕ್ ಅಬ್ಸಾರ್ಬರ್. ಅಲ್ಲಿ ಸ್ಟಾಕ್ ಎಂದರೆ ಗಾಡಿಯ ಬೆನ್ನೆಲುಬು ಕಂಪನಿಯದ್ದಾಗಿರಬೇಕು ಎಂದಷ್ಟೇ ಅರ್ಥ. ಫೋರ್ಡ್ ಕಂಪನಿ ಈ ಕ್ಲಾಸ್‌ನ ಹೆಸರನ್ನೇ ಇಟ್ಟು ‘ಬ್ರಾಂಕೋ 4600’ ಎಂಬ ರೇಸ್ ಗಾಡಿಯನ್ನು ಘೋಷಿಸಿತು. ಸ್ಟಾಕ್ ಕ್ಲಾಸ್‌ನಲ್ಲಿ ಗೆದ್ದರೆ ಶೋರೂಮಿನಲ್ಲಿ ಮಾರಾಟ ಆಗುತ್ತದೆ ಎಂದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅತ್ತ ಶೋರೂಮಿನ ಗಾಡಿಯೂ ಬದಲಾಗುತ್ತಿದೆ. ಅಲ್ಲಿ ರ‍್ಯಾಂಗ್ಲರ್ ಈಗ 35 ಇಂಚಿನ ಟಯರಿನೊಂದಿಗೆ ಸಿಗುತ್ತದೆ. ಬ್ರಾಂಕೋ ರ‍್ಯಾಪ್ಟರ್‌ಗೆ 37 ಇಂಚು. ಒಂದು ಕಾಲದಲ್ಲಿ ಗ್ಯಾರೇಜಿನಲ್ಲಿ ಕೊಯ್ದು ಬೆಸುಗೆ ಹಾಕಿದರೆ ಮಾತ್ರ ಕೂರುತ್ತಿದ್ದ ಟಯರ್ ಈಗ ವಾರಂಟಿ ಸಮೇತ ಬರುತ್ತದೆ.

ನಿಜವಾಗಿ ವ್ಯತ್ಯಾಸ ಮಾಡುವುದು ಎರಡೇ ಎರಡು

ಸ್ಪರ್ಧೆಯ ನಿಯಮಗಳಲ್ಲಿ ಸಾಮಾನ್ಯವಾಗಿ ದೊಡ್ಡ ಪಟ್ಟಿ ಇರುತ್ತದೆ. ಬಂಪರ್, ಲೈಟ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಸ್ನಾರ್ಕೆಲ್, ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಹೀಗೆ. ಬಂಡೆಯ ಮೇಲೆ ಫಲಿತಾಂಶ ಬದಲಿಸುವುದು ಇವುಗಳಲ್ಲಿ ಹೆಚ್ಚಿನವು ಅಲ್ಲ. ಟಯರ್ ಮತ್ತು ಲಾಕ್, ಈ ಎರಡು ಇತ್ಯರ್ಥ ಆದರೆ ಮುಕ್ಕಾಲು ಜಗಳ ಮುಗಿಯುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಜಿಪ್ಸಿ, ಜಿಮ್ನಿ, ಹಳೇ ಜೀಪಿನಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವ ಗಟ್ಟಿ ಭಾಗ ಡಿಫರೆನ್ಷಿಯಲ್. ನಮ್ಮ ಮೆಕ್ಯಾನಿಕ್‌ಗಳು ‘ಕ್ರೌನ್’ ಎನ್ನುತ್ತಾರಲ್ಲ, ಆ ಗುಂಡಗಿನ ಕಬ್ಬಿಣದ ಗಡ್ಡೆ. ಕಲ್ಲು ಮೊದಲು ಬಡಿಯುವುದು ಅದಕ್ಕೇ. ನೀವು 2 ಇಂಚಿನ ಲಿಫ್ಟ್ ಕಿಟ್ ಹಾಕಿದರೆ ಬಾಡಿ ಮೇಲೇಳುತ್ತದೆ, ಚಾಸಿ ಮೇಲೇಳುತ್ತದೆ. ಕ್ರೌನ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟಯರ್ ಮಾತ್ರ. ಅದೂ ಅರ್ಧ ಲೆಕ್ಕದಲ್ಲಿ. ಟಯರ್ 2 ಇಂಚು ಎತ್ತರ ಆದರೆ ಕ್ರೌನ್ 1 ಇಂಚು ಏಳುತ್ತದೆ. ಹಾಗಾಗಿ ಲಿಫ್ಟ್ ಕಿಟ್ಟಿನ ಮುಖ್ಯ ಕೆಲಸ ದೊಡ್ಡ ಟಯರಿಗೆ ಜಾಗ ಮಾಡಿಕೊಡುವುದು. ಟಯರಿಗೆ ಮಿತಿ ಹಾಕಿದರೆ ಲಿಫ್ಟ್‌ಗೆ ತಾನಾಗಿಯೇ ಮಿತಿ ಬೀಳುತ್ತದೆ. ಸುಮ್ನೆ ಎತ್ತರ ಮಾಡಿಕೊಂಡವನು ಪಕ್ಕ ವಾಲುವ ಬಂಡೆಯಲ್ಲಿ ತಾನೇ ಪಾಠ ಕಲಿಯುತ್ತಾನೆ, ಭಾರ ಮೇಲೆ ಹೋದಷ್ಟೂ ಗಾಡಿ ಬೇಗ ಮಗುಚುತ್ತದೆ.

ಥಾರ್ ವಿಷಯ ಸ್ವಲ್ಪ ಬೇರೆ. ಅದರ ಮುಂದಿನ ಚಕ್ರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಕೂತಿದೆ. ಅಲ್ಲಿ ಲಿಫ್ಟ್ ಹಾಕಿದರೆ ಮುಂದಿನ ಕ್ರೌನ್ ಕೂಡ ಏಳುತ್ತದೆ. ಆದರೆ ಡ್ರೈವ್ ಶಾಫ್ಟ್ ಓರೆಯಾಗುತ್ತದೆ. ಜಾಸ್ತಿ ಎತ್ತಿದರೆ ಬಂಡೆಯ ಮೇಲೆ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಜಾಯಿಂಟ್ ಮುರಿಯುವ ಭಯ.

ಟಯರಿನಲ್ಲಿ ಎತ್ತರ ಮಾತ್ರ ನೋಡಿದರೆ ಸಾಲದು. ಒಳಗಿನ ಗಾಳಿಯೂ ಮುಖ್ಯ. 30 ಪಿಎಸ್‌ಐ ಇರುವುದನ್ನು 15ಕ್ಕೆ ಇಳಿಸಿದರೆ ಟಯರ್ ಬಂಡೆಯನ್ನು ಅಂಗೈಯಂತೆ ಹಿಡಿಯುತ್ತದೆ. ಇದು ಯಾವ ನಿಯಮಕ್ಕೂ ಸಿಗದ, ಒಂದು ಪೈಸೆ ಖರ್ಚಿಲ್ಲದ ಸುಧಾರಣೆ. ಇನ್ನೂ ಕೆಳಗೆ, 7-8ಕ್ಕೆ ಇಳಿಸಿದರೆ ಟಯರ್ ರಿಮ್ಮಿನಿಂದ ಕಳಚುವ ಅಪಾಯ. ಅಲ್ಲಿ ಬೀಡ್‌ಲಾಕ್ ರಿಮ್ ಬೇಕು. ಅದು ಟಯರಿನ ಅಂಚನ್ನು ಬೋಲ್ಟ್ ಹಾಕಿ ಬಿಗಿ ಹಿಡಿಯುತ್ತದೆ. ಸ್ಟಾಕ್ ಕ್ಲಾಸ್‌ನಲ್ಲಿ ಬೀಡ್‌ಲಾಕ್‌ಗೆ ಅನುಮತಿ ಕೊಟ್ಟರೆ ಟಯರ್ ಅಳತೆಯ ನಿಯಮಕ್ಕೆ ಅರ್ಧ ಬೆಲೆ ಹೋದಂತೆ. ಇದನ್ನು ನಿಯಮ ಬರೆಯುವವರು ಮರೆಯುವುದೇ ಹೆಚ್ಚು.

ಈಗ ಲಾಕ್. ಸಾಮಾನ್ಯ ಡಿಫರೆನ್ಷಿಯಲ್ ಒಳ್ಳೆಯ ರಸ್ತೆಗೆ ಮಾಡಿದ್ದು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕಲ್ವಾ, ಅದಕ್ಕೆ ಎರಡು ಚಕ್ರಕ್ಕೂ ಬೇರೆ ಬೇರೆ ವೇಗ ಬಿಡುತ್ತದೆ. ಬಂಡೆಯಲ್ಲಿ ಈ ಗುಣವೇ ತೊಂದರೆ. ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ ಅದೇ ಗಿರಗಿರ ತಿರುಗುತ್ತದೆ, ನೆಲ ಹಿಡಿದ ಚಕ್ರ ಸುಮ್ಮನೆ ನಿಲ್ಲುತ್ತದೆ. ಲಾಕ್ ಹಾಕಿದರೆ ಎರಡೂ ಚಕ್ರ ಒಂದೇ ಕಬ್ಬಿಣದ ಸಲಾಕೆಯಂತೆ ಒಟ್ಟಿಗೆ ತಿರುಗುತ್ತವೆ. ಗಾಳಿಯಲ್ಲಿರುವುದು ಗಾಳಿಯಲ್ಲಿರಲಿ, ನೆಲದಲ್ಲಿರುವುದು ತಳ್ಳುತ್ತದೆ.

ಲಾಕ್ ಇಲ್ಲದ ಚಾಲಕ ಬಂಡೆಯನ್ನು ಓದಬೇಕು. ಚಕ್ರ ಏಳದ ದಾರಿ ಹುಡುಕಬೇಕು. ಲಾಕ್ ಇರುವವನು ಬಟನ್ ಒತ್ತಿ, ನೇರ ದಾರಿ ಹಿಡಿದು, ನಿಧಾನ ಹತ್ತುತ್ತಾನೆ. ಗೂರ್ಖಾ ಓಡಿಸುವವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಎರಡೂ ಲಾಕ್ ಹಾಕಿ ಸ್ಟೀರಿಂಗ್ ತಿರುಗಿಸುವುದು ಎಷ್ಟು ಕಷ್ಟ ಎಂದು ಓಡಿಸಿದವರಿಗೆ ಗೊತ್ತು. ಆದರೆ ಅದು ಬೇರೆಯೇ ಆಟ. ಕಬಡ್ಡಿ ಆಡುವವನನ್ನೂ ಕುಸ್ತಿ ಆಡುವವನನ್ನೂ ಒಂದೇ ಅಂಕಣಕ್ಕೆ ಬಿಟ್ಟ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ಒಂದೇ ಥಾರ್‌ನಲ್ಲಿ ಲಾಕ್ ಇರುವ ಮಾದರಿಯೂ ಇದೆ, ಇಲ್ಲದ್ದೂ ಇದೆ. ಲಾಕ್ ಇಲ್ಲದ ಥಾರ್ ತೆಗೆದುಕೊಂಡವನು ಅದೇ ಕಂಪನಿಯ ಅಸಲಿ ಲಾಕ್ ತಂದು ಹಾಕಿಸಿಕೊಂಡರೆ ಅದು ಸ್ಟಾಕಾ, ಮಾಡಿಫೈಡಾ? ಡೀಲರ್ ಹತ್ತಿರವೇ ಮಾರುವ ಬಂಪರ್ ಹಾಕಿಸಿದರೆ? ‘ಕಂಪನಿಯಿಂದ ಬಂದ ಹಾಗೆ’ ಎಂಬ ಮೂರು ಪದದ ನಿಯಮ ಇಲ್ಲಿ ಬಾಯಿ ಕಟ್ಟಿ ನಿಲ್ಲುತ್ತದೆ. ಆಮೇಲೆ ಅಂದು ಟೇಬಲ್ ಮೇಲೆ ಕೂತವರ ಮನಸ್ಸಿಗೆ ಬಂದಂತೆ ತೀರ್ಪು.

ಆರ್‌ಟಿಒ ಕೂಡ ಈ ಸ್ಪರ್ಧೆಯ ತೀರ್ಪುಗಾರ

ನಮ್ಮ ದೇಶದಲ್ಲಿ ಸ್ಟಾಕ್ ಕ್ಲಾಸ್‌ಗೆ ಅಮೆರಿಕದಲ್ಲಿ ಇಲ್ಲದ ಒಂದು ಮಹತ್ವ ಇದೆ. ಅಲ್ಲಿ ಸ್ಪರ್ಧೆಯ ಗಾಡಿಯನ್ನು ಟ್ರೇಲರ್ ಮೇಲೆ ತರುತ್ತಾರೆ. ಇಲ್ಲಿ ಅದೇ ಗಾಡಿಯಲ್ಲಿ ಭಾನುವಾರ ಬಂಡೆ ಹತ್ತಿ, ಸೋಮವಾರ ಕಾಫಿ ಮೂಟೆ ಹೇರಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು. ಸ್ಪರ್ಧೆಗೆ ಬರುವುದೂ ಹೋಗುವುದೂ ಸರ್ಕಾರದ ರಸ್ತೆಯಲ್ಲಿ. ಅಲ್ಲಿ ನಡೆಯುವುದು ಮೋಟಾರು ವಾಹನ ಕಾಯ್ದೆ.

1988ರ ಆ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟು: ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬೇರೆ ಆಗುವಂತೆ ಮಾಲೀಕ ಗಾಡಿಯನ್ನು ಬದಲಿಸಬಾರದು. ಕೇರಳ ಹೈಕೋರ್ಟ್ ಇದನ್ನು ಸ್ವಲ್ಪ ಸಡಿಲವಾಗಿ ಓದಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು, ಕಂಪನಿಯ ಮೂಲ ವಿವರವೇ ಗೆರೆ ಎಂದಿತು. ಅದೇ ವರ್ಷ ಕಾಯ್ದೆಗೆ 182ಎ ಸೆಕ್ಷನ್ ಸೇರಿತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ‘ಪ್ರತಿ ಬದಲಾವಣೆಗೆ’ ಎನ್ನುವ ಮಾತನ್ನು ಗಮನಿಸಿ. ಅದಕ್ಕೂ ಮೊದಲು, 2017ರ ಡಿಸೆಂಬರಿನಲ್ಲಿ, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಪಾದಚಾರಿಗೆ ಗುದ್ದಿದರೆ ಅವು ಮಾಡುವ ಗಾಯ ದೊಡ್ಡದು, ಕಾರಣ ಸರಿಯಾಗಿಯೇ ಇದೆ.

ಇಲ್ಲಿಗೆ ಬಂದಾಗ ಗಂಟು ಬಿಗಿಯಾಗುತ್ತದೆ. ಬಂಡೆ ಹತ್ತುವಾಗ ಗಾಡಿ ಮಗುಚುವುದು ಅಪರೂಪ ಅಲ್ಲ. ಬಟ್ಟೆ ಹೊದಿಕೆಯ ಎಂಎಂ 540 ಮಗುಚಿದರೆ ಓಡಿಸುವವನ ತಲೆಗೂ ಬಂಡೆಗೂ ನಡುವೆ ಏನೂ ಇಲ್ಲ. ಹಾಗಾಗಿ ಒಳ್ಳೆಯ ಆಯೋಜಕರು ರೋಲ್ ಕೇಜ್ ಕೇಳುತ್ತಾರೆ, ಎಳೆಯಲಿಕ್ಕೆ ಮುಂದೆ ಹಿಂದೆ ಗಟ್ಟಿ ಕೊಕ್ಕೆ ಕೇಳುತ್ತಾರೆ. ಕೇಳಲೇಬೇಕು. ಆದರೆ ‘ಕಂಪನಿಯಿಂದ ಬಂದ ಹಾಗೆ’ ಎಂಬ ನಿಯಮ ಅದೇ ಕೇಜನ್ನು ಮಾಡಿಫಿಕೇಶನ್ ಎನ್ನುತ್ತದೆ. ರಸ್ತೆಯಲ್ಲಿ ನಿಲ್ಲಿಸಿದ ಇನ್‌ಸ್ಪೆಕ್ಟರ್ ಕೂಡ ಹಾಗೇ ಎನ್ನಬಹುದು. ಹೊಸ ಥಾರ್‌ನವನಿಗೆ ಈ ಚಿಂತೆ ಇಲ್ಲ, ಕಂಪನಿಯೇ ಒಳಗೆ ಕೇಜ್ ಕಟ್ಟಿ ಕೊಟ್ಟಿದೆ. ಹಳೇ ಜೀಪಿನವನು ಜೀವ ಉಳಿಸಿಕೊಳ್ಳಲಿಕ್ಕೆ ಹೋದರೆ ಕ್ಲಾಸ್ ಕಳೆದುಕೊಳ್ಳುತ್ತಾನೆ. ಇದು ನನಗೆ ನಿಜವಾಗಿಯೂ ಸಿಟ್ಟು ಬರಿಸುವ ವಿಷಯ. ಸುರಕ್ಷತೆಯ ಸಾಮಾನನ್ನು ಯಾವ ಕ್ಲಾಸ್‌ನಲ್ಲೂ ಮಾಡಿಫಿಕೇಶನ್ ಎಂದು ಎಣಿಸಬಾರದು. ಕೇಜ್, ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್, ಬ್ಯಾಟರಿ ಕತ್ತರಿಸುವ ಸ್ವಿಚ್, ಕೊಕ್ಕೆ, ಇವು ಯಾರನ್ನೂ ಬಂಡೆ ಹತ್ತಿಸುವುದಿಲ್ಲ.

ಕೇಜ್ ಬೋಲ್ಟ್ ಹಾಕುವಂಥದ್ದಾಗಿರಲಿ. ಅದಕ್ಕೆ ಕಾನೂನು ಮಾತ್ರ ಕಾರಣ ಅಲ್ಲ. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವಾಗ ತಲೆ ಪಕ್ಕದಲ್ಲಿ ಕಬ್ಬಿಣದ ಪೈಪ್ ಇರುವುದೂ ಅಪಾಯವೇ. ಸ್ಪರ್ಧೆ ಮುಗಿದ ಮೇಲೆ ಬಿಚ್ಚಿ ಇಡಬೇಕು.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ನಮ್ಮ ಸಾಮಾನ್ಯ ಕಾರು ಪಾಲಿಸಿಯಲ್ಲಿ ಸಂಘಟಿತ ರೇಸ್, ರಿಲಯಬಿಲಿಟಿ ಟ್ರಯಲ್ ಇಂಥವಕ್ಕೆ ರಕ್ಷಣೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಬಂಡೆಯ ಮೇಲೆ ಆದ ಡೆಂಟು ನಿಮ್ಮದೇ ಖರ್ಚು. ಅನುಮತಿ ಇಲ್ಲದ ಬದಲಾವಣೆ ಇದ್ದರೆ ಮನೆಗೆ ಹೋಗುವ ದಾರಿಯಲ್ಲಿ ಆದ ಅಪಘಾತಕ್ಕೂ ತಕರಾರು ಬರಬಹುದು. ಪ್ರವೇಶ ಅರ್ಜಿಗೆ ಸಹಿ ಹಾಕುವ ಮೊದಲು ಪಾಲಿಸಿಯ ಆ ಪುಟ ಓದಿ.

ಹಾಗಾದರೆ ಹಾಳೆಯಲ್ಲಿ ಏನು ಬರೆಯಬೇಕು?

ನಮ್ಮ ಕಡೆ ಬರೀ ಬಂಡೆಯ ಸ್ಪರ್ಧೆ ಕಡಿಮೆ. ಮಲೆನಾಡು, ಕೊಡಗಿನ ಸ್ಪರ್ಧೆಗಳಲ್ಲಿ ಕೆಸರು, ಹಳ್ಳ, ಏರುಗಳ ನಡುವೆ ಒಂದೋ ಎರಡೋ ಬಂಡೆಯ ಹಂತ ಇರುತ್ತವೆ. ಹಾಗಾಗಿ ಇದಕ್ಕೆಂದೇ ನೂರು ಪುಟದ ನಿಯಮ ಯಾರೂ ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ನನ್ನ ಪ್ರಕಾರ ಟೇಪು ಹಿಡಿದು ಐದು ನಿಮಿಷದಲ್ಲಿ ನೋಡಿ ಮುಗಿಸುವಂಥ ನಿಯಮ ಸಾಕು.

ಮೊದಲು ಲಾಕ್ ಎಣಿಸಿ. ಲಾಕ್ ಇಲ್ಲದವು ಒಂದು ಗುಂಪು, ಇರುವವು ಇನ್ನೊಂದು ಗುಂಪು. ಅದನ್ನು ಕಂಪನಿ ಹಾಕಿದ್ದೋ ಗ್ಯಾರೇಜು ಹಾಕಿದ್ದೋ ಕೇಳಬೇಡಿ. ಒಂದು ಲಾಕ್, ಎರಡು ಲಾಕ್ ಎಂದು ಬೇರೆ ಮಾಡುವಷ್ಟು ಗಾಡಿ ಬಂದರೆ ಮಾಡಿ. ಇಲ್ಲವಾದರೆ ಎರಡು ಲಾಕ್‌ನವರಿಗೆ ಕೋನ್‌ಗಳ ನಡುವಿನ ದಾರಿಯನ್ನು ಸ್ವಲ್ಪ ಕಿರಿದು ಮಾಡಿ. ಅಮೆರಿಕದ ಬಂಡೆ ಹತ್ತುವ ಸ್ಪರ್ಧೆಯಲ್ಲಿ (ರಾಕ್ ಕ್ರಾಲಿಂಗ್) ಕಡಿಮೆ ಅಂಕ ಬಂದವರೇ ಗೆಲ್ಲುವುದು. ರಿವರ್ಸ್ ತೆಗೆದರೆ ಅಂಕ ಏರುತ್ತದೆ, ಕೋನ್ ಮುಟ್ಟಿದರೆ ಇನ್ನೂ ಏರುತ್ತದೆ. ಕೋನ್ ಎಲ್ಲಿ ಇಡುತ್ತೇವೆ ಎನ್ನುವುದರಿಂದಲೇ ಗಾಡಿಗಳ ವ್ಯತ್ಯಾಸವನ್ನು ಎಷ್ಟೋ ಸರಿ ಮಾಡಬಹುದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಟಯರ್. ‘ಕಂಪನಿ ಅಳತೆ’ ಬೇಡ. ಲಾಕ್ ಇಲ್ಲದ ಗುಂಪಿಗೆ ಒಂದೇ ಗರಿಷ್ಠ ಎತ್ತರ ಇಡಿ, ಥಾರ್‌ನ 31 ಇಂಚನ್ನೇ ಇಡಬಹುದು. ಆಗ ಜಿಪ್ಸಿಯವನು 27.7 ಹಾಕಿಕೊಂಡರೆ ಯಾರಿಗೂ ನಷ್ಟ ಇಲ್ಲ. ಜಿಪ್ಸಿಗೆ 31 ಇಂಚು ಹಾಕಿಬಿಟ್ಟರೆ ಎಂದು ಹೆದರುವವರಿದ್ದಾರೆ. 1300 ಸಿಸಿ ಎಂಜಿನ್ನಿಗೆ ಅಷ್ಟು ದೊಡ್ಡ ಚಕ್ರ ತಿರುಗಿಸಲು ಗೇರ್ ಸಾಲುವುದಿಲ್ಲ, ಫೆಂಡರ್ ಕೊಯ್ಯದೆ ಅದು ಕೂರುವುದೂ ಇಲ್ಲ. ಅದಕ್ಕೇ ಮೂರನೇ ಮಾತು: ಗ್ರೈಂಡರ್ ಮತ್ತು ವೆಲ್ಡಿಂಗ್ ಮುಟ್ಟಿದ ಗಾಡಿ ಸ್ಟಾಕ್ ಅಲ್ಲ. ಕೇಜು, ಕೊಕ್ಕೆಗೆ ಮಾತ್ರ ವಿನಾಯಿತಿ. ಉಳಿದದ್ದೆಲ್ಲ ಪಾನಾ ಹಿಡಿದು ಬಿಚ್ಚಿದರೆ ಆರ್‌ಸಿಯಲ್ಲಿರುವ ಗಾಡಿ ಮತ್ತೆ ಸಿಗಬೇಕು. ಈ ಒಂದು ಸಾಲು ಸ್ಪರ್ಧೆಯ ನಿಯಮವನ್ನೂ 52ನೇ ಸೆಕ್ಷನ್ನಿನ ಆಶಯವನ್ನೂ ಹತ್ತಿರ ತರುತ್ತದೆ.

ಬೀಡ್‌ಲಾಕ್ ಬೇಡ. ಸ್ಪರ್ಧೆಗೆಂದೇ ಮಾಡಿದ ಮೆತ್ತನೆ ರಬ್ಬರಿನ ಟಯರೂ ಬೇಡ, ರಸ್ತೆಗೆ ಒಪ್ಪಿದ ಟಯರೇ ಇರಲಿ. ಬಂಪರ್, ಲೈಟು, ಸ್ನಾರ್ಕೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ‘ನಾನು ಸಾಲ ಮಾಡಿ ಲಾಕ್ ಇರುವ ಗಾಡಿ ತೆಗೆದುಕೊಂಡೆ, ಏನೂ ಬದಲಿಸಿಲ್ಲ, ನನ್ನನ್ನು ಯಾಕೆ ಗೆಳೆಯರಿಂದ ಬೇರೆ ಮಾಡುತ್ತೀರಿ?’ ಎಂದು ಗೂರ್ಖಾದವರೊಬ್ಬರು ನನ್ನನ್ನೇ ಕೇಳಿದ್ದಾರೆ. ಅವರಿಗೆ ನಾನು ಹೇಳಿದ್ದು, ನಿಮ್ಮನ್ನು ಕೆಳಗೆ ಹಾಕುತ್ತಿಲ್ಲ, ನಿಮ್ಮ ಗಾಡಿಗೆ ತಕ್ಕ ಬಂಡೆ ಕೊಡುತ್ತಿದ್ದೇವೆ. ಜಿಮ್ನಿ ಹತ್ತುವ ಬಂಡೆಯನ್ನು ಹತ್ತಿ ಅವರಿಗೆ ಸಿಗುವ ಖುಷಿ ಏನು?

ಸ್ಟಾಕ್ ಕ್ಲಾಸ್ ಯಾಕೆ ಬೇಕು ಎಂದು ನನಗೆ ಅರ್ಥ ಆಗುವುದು ಕೊಡಚಾದ್ರಿಗೆ ಹೋದಾಗ. ಅಲ್ಲಿ ಜನರನ್ನು ಮೇಲೆ ಕರೆದೊಯ್ಯುವ ಜೀಪುಗಳಿಗೆ ಲಾಕೂ ಇಲ್ಲ, ದೊಡ್ಡ ಟಯರೂ ಇಲ್ಲ. ಲೀಫ್ ಸ್ಪ್ರಿಂಗಿನ ಹಳೇ ಗಾಡಿಗಳು. ಮಳೆ ಕೊರೆದ ದಾರಿಯಲ್ಲಿ ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಎನ್ನುವುದು ಅವರಿಗೆ ಬಾಯಿಪಾಠ. ಅಂಥ ಒಬ್ಬ ಚಾಲಕ ತನ್ನ ಗಾಡಿಯಲ್ಲೇ ಬಂದು ಗೆಲ್ಲಬಹುದಾದ ಒಂದು ಕ್ಲಾಸ್ ನಮ್ಮ ಸ್ಪರ್ಧೆಗಳಲ್ಲಿ ಇರಬೇಕು ಎನ್ನುವುದಷ್ಟೇ ನನ್ನ ಆಸೆ.

ಆ ಜಿಪ್ಸಿ ಹುಡುಗ ಅಂದು ಮಾಡಿಫೈಡ್ ಕ್ಲಾಸ್‌ನಲ್ಲಿ 33 ಇಂಚಿನ ಟಯರ್, ವಿಂಚ್, ಎರಡು ಲಾಕ್ ಇದ್ದವರ ಜೊತೆ ಓಡಿಸಿ ಕೊನೆಯವನಾಗಿ ಬಂದ. ಕಳೆದ ಮಳೆಗಾಲದಲ್ಲಿ ಮತ್ತೆ ಸಿಕ್ಕಿದ್ದ. ಎಲ್ಲಿಂದಲೋ ನಾಲ್ಕು ಹಳೇ 205/70 ಟಯರ್ ಹುಡುಕಿ ಇಟ್ಟುಕೊಂಡಿದ್ದಾನೆ. ಅವನ್ನು ಗೆಳೆಯನ ಪಿಕಪ್ಪಿನಲ್ಲಿ ತರುತ್ತಾನೆ. ತಪಾಸಣೆಗೆ ಮೊದಲು ರಸ್ತೆ ಪಕ್ಕ ಜಾಕ್ ಹಾಕಿ, ಚಕ್ರಕ್ಕೆ ಐದರಂತೆ ಇಪ್ಪತ್ತು ನಟ್ ಬಿಚ್ಚಿ, ದೊಡ್ಡದನ್ನು ತೆಗೆದು ಸಣ್ಣದನ್ನು ಹಾಕುತ್ತಾನೆ. ಸ್ಪರ್ಧೆ ಮುಗಿದ ಮೇಲೆ ತೋಟದ ಕೆಲಸಕ್ಕೆ ಮತ್ತೆ ದೊಡ್ಡದು.